ಬೂಸ್ಟ್ ಇದೆ, ದಮ್ಮಿಲ್ಲ: ಒಂದು ಟರ್ಬೊ ಹೆಡ್ಡಿನ ಪ್ರಕರಣ

"ಬೂಸ್ಟ್ ಅದ ಖರೆ, ಗಾಡಿಗೆ ದಮ್ಮೇ ಇಲ್ರೀ."

ಗಾಡಿ ತಂದು ನಿಲ್ಲಿಸಿದ ದಿನ ಮಾಲೀಕರು ಹೇಳಿದ ಮೊದಲ ಮಾತು ಇದು. ಬೂಸ್ಟ್ ಅಂದರೆ ಟರ್ಬೊ ಎಂಜಿನಿಗೆ ತುರುಕುವ ಗಾಳಿಯ ಒತ್ತಡ. ಟರ್ಬೊವನ್ನು ತಿರುಗಿಸುವುದು ಎಂಜಿನಿನಿಂದ ಹೊರಹೋಗುವ ಹೊಗೆ. ಬೂಸ್ಟ್ ಮೀಟರು 0.8 ಬಾರ್ ತೋರಿಸುತ್ತಿತ್ತು. ಆದರೆ ಗಾಡಿ ಮೊದಲಿನ ಹಾಗೆ ಎಳೆಯುತ್ತಿರಲಿಲ್ಲ. ಇನ್ನೊಂದು ದೂರೂ ಇತ್ತು. ವಾರಕ್ಕೆ ಅರ್ಧ ಲೀಟರ್ ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ನೀರು, ಎಲ್ಲಿಗೋ ಹೋಗುತ್ತಿತ್ತು. ನೆಲದ ಮೇಲೆ ಒಂದು ಹನಿ ಬಿದ್ದ ಗುರುತಿಲ್ಲ.

ನಾನು ಕಲಬುರಗಿಯಲ್ಲಿ ಎಂಜಿನ್ ಬಿಚ್ಚಿ ಕಟ್ಟುವ ಕೆಲಸ ಮಾಡುವವನು. ನಮ್ಮಲ್ಲಿಗೆ ಬರುವುದು ಹೆಚ್ಚಾಗಿ ಟ್ರ್ಯಾಕ್ಟರ್, ಜೀಪು, ಟಿಪ್ಪರ್. ಟರ್ಬೊ ಕೂರಿಸಿದ ಹಳೆಯ ಪೆಟ್ರೋಲ್ ಕಾರು ವರ್ಷಕ್ಕೆ ಒಂದೋ ಎರಡೋ. ಅದಕ್ಕೇ ಈ ಕೆಲಸದ ಪ್ರತಿ ಅಳತೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಎಲ್ಲಿ ಸರಿ ಹೋದೆವು, ಎಲ್ಲಿ ನಾನೇ ತಪ್ಪಿದೆ, ಎರಡೂ ಇಲ್ಲಿವೆ. ಬರೆಯಲು ಮಾಲೀಕರ ಒಪ್ಪಿಗೆ ಇದೆ. ಅವರ ಹೆಸರು, ಗಾಡಿಯ ಹೆಸರು, ಮೊದಲು ಹೆಡ್ (ಸಿಲಿಂಡರುಗಳ ಮೇಲೆ ಕೂರುವ, ವಾಲ್ವುಗಳಿರುವ ಭಾಗ) ಕೆತ್ತಿದ ವರ್ಕ್‌ಶಾಪಿನ ಹೆಸರು, ಯಾವುದನ್ನೂ ಹೇಳುವುದಿಲ್ಲ.

ಗಾಡಿಯ ಹಿನ್ನೆಲೆ

1.6 ಲೀಟರಿನ ಎಂಜಿನ್. ಬೋರ್ 75, ಸ್ಟ್ರೋಕ್ 90 ಮಿ.ಮೀ. ಹದಿನಾರು ವಾಲ್ವು, ಒಂದೇ ಕ್ಯಾಮ್‌ಶಾಫ್ಟ್. ಮಾಲೀಕರು ದಿನಾ ಸೇಡಂ ರಸ್ತೆಯಲ್ಲಿ ಕೆಲಸಕ್ಕೆ ಇದೇ ಗಾಡಿಯಲ್ಲಿ ಹೋಗಿ ಬರುತ್ತಾರೆ. ವರ್ಷಕ್ಕೆ ಎರಡು ಸಲ ಬೇರೆ ಊರಿಗೆ ಒಯ್ದು, ಮುಚ್ಚಿದ ಟ್ರ್ಯಾಕಿನಲ್ಲಿ 402 ಮೀಟರ್ ಓಡಿಸುತ್ತಾರೆ. ಅಂದರೆ ಕ್ವಾರ್ಟರ್ ಮೈಲ್. ಗಾಡಿ ಎರಡಕ್ಕೂ ಆಗಬೇಕು. ಇಡೀ ಪ್ರಕರಣದ ಕಷ್ಟ ಈ 'ಎರಡಕ್ಕೂ' ಎಂಬ ಮಾತಿನಲ್ಲಿದೆ.

ಟರ್ಬೊ ಹಾಕಿಸಿ ನಾಲ್ಕು ವರ್ಷ ಆಗಿತ್ತು. ಒಳಗೆ ಫೋರ್ಜ್ಡ್ ಪಿಸ್ಟನ್, ಕಂಪ್ರೆಷನ್ 8.5. ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವುದು) ಚೆನ್ನಾಗಿಯೇ ಇತ್ತು. ಹೆಡ್ ಮಾತ್ರ ಕಂಪನಿಯಿಂದ ಬಂದದ್ದೇ. ಅದೇ ಹೆಡ್ಡಿನಲ್ಲಿ ಹಿಂದಿನ ಡಿಸೆಂಬರಿನಲ್ಲಿ 15.2 ಸೆಕೆಂಡ್ ಓಡಿದ್ದರು. ಆಮೇಲೆ ಯಾರೋ ಹೇಳಿದರು, ಹೆಡ್ ಪೋರ್ಟಿಂಗ್ ಮಾಡಿಸಿ, ಅಂದರೆ ಹೆಡ್ಡಿನೊಳಗೆ ಗಾಳಿ, ಹೊಗೆ ಓಡಾಡುವ ದಾರಿಗಳನ್ನು ಕೆತ್ತಿಸಿ, ಅರ್ಧ ಸೆಕೆಂಡ್ ಕಡಿಮೆಯಾಗುತ್ತದೆ ಅಂತ. ಬೇರೆ ಊರಿನ ಒಂದು ವರ್ಕ್‌ಶಾಪಿಗೆ ಕಳಿಸಿದರು. ಹೆಡ್ ಕನ್ನಡಿಯ ಹಾಗೆ ಹೊಳೆಯುತ್ತಾ ವಾಪಸ್ ಬಂತು. ಫೆಬ್ರವರಿಯಲ್ಲಿ ಅದೇ ಟ್ರ್ಯಾಕಿನಲ್ಲಿ, ಅದೇ ಟೈರಿನಲ್ಲಿ ಓಡಿಸಿದರೆ 15.6. ಅರ್ಧ ಸೆಕೆಂಡ್ ಕಡಿಮೆಯಾಗಬೇಕಾಗಿದ್ದದ್ದು 0.4 ಸೆಕೆಂಡ್ ಜಾಸ್ತಿಯಾಯಿತು. ರಸ್ತೆಯಲ್ಲಿ ಇನ್ನೂ ಕೆಟ್ಟದಾಗಿತ್ತು. ಮೊದಲು ಮೂರನೇ ಗೇರಿನಲ್ಲಿ 3400 ಆರ್‌ಪಿಎಂಗೆ 0.5 ಬಾರ್ ಸಿಗುತ್ತಿತ್ತು. ಈಗ 3900. ಲಾರಿ ದಾಟಬೇಕೆಂದು ಕಾಲು ಒತ್ತಿದರೆ ಎಂಜಿನ್ ಯೋಚನೆ ಮಾಡುತ್ತಾ ಕೂರುತ್ತಿತ್ತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ನಮ್ಮ ಕಡೆ ಟರ್ಬೊ ಬಗ್ಗೆ ಎರಡು ನಂಬಿಕೆ ಇವೆ. ಒಂದು, ಟರ್ಬೊ ಹೇಗಿದ್ದರೂ ಗಾಳಿ ತುರುಕುತ್ತದೆ, ಹೆಡ್ ಹೇಗಿದ್ದರೇನು ಅಂತ. ಇನ್ನೊಂದು, ತೂತು ಎಷ್ಟು ದೊಡ್ಡದೋ ಅಷ್ಟು ಒಳ್ಳೆಯದು ಅಂತ. ಎರಡೂ ತಪ್ಪು. ಶರಣಬಸವೇಶ್ವರ ಜಾತ್ರೆಯ ದಿನ ಗುಡಿ ಬಾಗಿಲಲ್ಲಿ ಎಷ್ಟು ನೂಕುನುಗ್ಗಲು ಇರುತ್ತದೆ ನೋಡಿದ್ದೀರಲ್ವಾ? ಬಾಗಿಲಲ್ಲಿ ಒತ್ತಡ ಜಾಸ್ತಿ ಇದೆ ಅಂದರೆ ಒಳಗೆ ಹೋದವರು ಜಾಸ್ತಿ ಅಂತಲ್ಲ. ಬೂಸ್ಟ್ ಮೀಟರು ತೋರಿಸುವುದು ಬಾಗಿಲ ಹೊರಗಿನ ಒತ್ತಡವನ್ನು. ಶಕ್ತಿ ಕೊಡುವುದು ಒಳಗೆ ಹೋದ ಗಾಳಿ. ಎರಡು ಎಂಜಿನ್ 0.8 ಬಾರ್ ತೋರಿಸಬಹುದು. ಆದರೆ ಒಳಗೆ ಹೋಗುವ ಗಾಳಿ ಬೇರೆ ಬೇರೆ ಇರಬಹುದು. ಮಾಲೀಕರ "ಬೂಸ್ಟ್ ಅದ, ದಮ್ಮಿಲ್ಲ" ಎಂಬ ಮಾತು ತಾಂತ್ರಿಕವಾಗಿಯೂ ನೂರಕ್ಕೆ ನೂರು ಸರಿ ಇತ್ತು.

ಹಂಡೆಯಲ್ಲಿ ಬಂದ ಗುಳ್ಳೆ

ಮೊದಲು ಕೂಲೆಂಟ್ ಹುಡುಕಿದೆವು. ನಾಲ್ಕು ಪ್ಲಗ್ ತೆಗೆದು ಸಾಲಾಗಿ ಇಟ್ಟರೆ ಮೂರರ ಮೇಲೆ ಕಂದು ಬಣ್ಣ, ಒಂದು ಮಾತ್ರ ತೊಳೆದಿಟ್ಟ ಹಾಗೆ ಬೆಳ್ಳಗೆ. ಮೂರನೇ ಸಿಲಿಂಡರಿನದು. ಒಳಗೆ ನೀರು ಹೋಗುತ್ತಿದ್ದರೆ ಅದು ಆವಿಯಾಗಿ ಪ್ಲಗ್ ತೊಳೆದುಬಿಡುತ್ತದೆ. ಎಲ್ಲರಿಗೂ ಹೊಳೆಯುವುದು ಹೆಡ್ ಗ್ಯಾಸ್ಕೆಟ್, ಅಂದರೆ ಹೆಡ್ಡಿಗೂ ಬ್ಲಾಕಿಗೂ ನಡುವೆ ಇರುವ ಹಾಳೆ. ನನಗೂ ಅದೇ ಹೊಳೆಯಿತು.

ಹೆಡ್ ಇಳಿಸಿದೆವು. ಗ್ಯಾಸ್ಕೆಟ್ ಚೆನ್ನಾಗಿತ್ತು. ಸ್ಟ್ರೈಟ್ ಎಡ್ಜ್ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಿದರೆ ಬಾಗು 0.04 ಮಿ.ಮೀ. 0.05ರ ಒಳಗಿದ್ದರೆ ಪರವಾಗಿಲ್ಲ. ನೀರಿನ ದಾರಿಗಳಿಗೆಲ್ಲ ಪ್ಲೇಟು, ರಬ್ಬರು ಕಟ್ಟಿ, 2 ಕೆಜಿ ಗಾಳಿ ಕೊಟ್ಟು ನೀರಿನಲ್ಲಿ ಮುಳುಗಿಸಿದೆವು. ಹತ್ತು ನಿಮಿಷ ಕಾದೆವು. ಒಂದು ಗುಳ್ಳೆಯೂ ಇಲ್ಲ.

ಆ ಸಂಜೆ ಹೊಸ ಗ್ಯಾಸ್ಕೆಟ್ ಹಾಕಿ ಕಟ್ಟಿಬಿಡೋಣ ಅಂತ ಹುಡುಗರು ಹೇಳಿದರು. ಕಟ್ಟಿದ್ದರೆ ಹದಿನೈದು ದಿನಕ್ಕೆ ಗಾಡಿ ವಾಪಸ್ ಬರುತ್ತಿತ್ತು. ನನ್ನನ್ನು ತಡೆದದ್ದು ಮಾಲೀಕರು ಸುಮ್ನೆ ಹೇಳಿದ್ದ ಒಂದು ಮಾತು: ಬೆಳಗ್ಗೆ ಹೊತ್ತು ಏನೂ ಇರಲ್ಲ, ಮಧ್ಯಾಹ್ನ ವಾಪಸ್ ಬರುವಾಗಲೇ ಹೊಗೆ ಬೆಳ್ಳಗಾಗುತ್ತದೆ ಅಂತ. ಅದು ಏಪ್ರಿಲ್ ಕೊನೆ. ಮಧ್ಯಾಹ್ನ 42 ಡಿಗ್ರಿ. ಅಂದರೆ ತೊಂದರೆ ಬಿಸಿಯಲ್ಲಿದೆ. ನಾವು ಪರೀಕ್ಷೆ ಮಾಡಿದ್ದು ತಣ್ಣೀರಿನಲ್ಲಿ.

ಮರುದಿನ ಮದುವೆಗೆ ಪಾತ್ರೆ ಬಾಡಿಗೆ ಕೊಡುವ ಅಂಗಡಿಯಿಂದ ಅನ್ನ ಮಾಡುವ ದೊಡ್ಡ ಹಂಡೆ ತಂದೆವು. ಹಿತ್ತಲಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದೆವು. ನೀರು ಸುಮಾರು 80 ಡಿಗ್ರಿಗೆ ಬರುವವರೆಗೆ ಕಾಯಿಸಿ, ಹೆಡ್ ಮುಳುಗಿಸಿ, ಅರ್ಧ ಗಂಟೆ ಬಿಟ್ಟು ಗಾಳಿ ಕೊಟ್ಟೆವು. ಮೂರನೇ ಇನ್‌ಟೇಕ್ ಪೋರ್ಟಿನ (ಗಾಳಿ ಒಳಗೆ ಹೋಗುವ ದಾರಿಯ) ಬಾಯಿಂದ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು, ದಾರ ಪೋಣಿಸಿದ ಹಾಗೆ ಮೇಲೆ ಬಂದವು. ಒಬ್ಬ ಹುಡುಗ ಬೆರಳು ತೂರಿಸಿ ಮುಟ್ಟಿ ತೋರಿಸಿದ. ಪೋರ್ಟಿನ ಛಾವಣಿಯಲ್ಲಿ, ವಾಲ್ವ್ ಗೈಡಿನ, ಅಂದರೆ ವಾಲ್ವಿನ ಕಡ್ಡಿ ಜಾರುವ ಕೊಳವೆಯ, ಪಕ್ಕ. ಅಲ್ಲಿ ಗೋಡೆಯನ್ನು ಎಷ್ಟು ತೆಳ್ಳಗೆ ಕೆತ್ತಿದ್ದರೆಂದರೆ ಅಲ್ಯೂಮಿನಿಯಂ ಬಿಸಿಗೆ ಹಿಗ್ಗಿದಾಗ ಒಳಗಿನ ಕೂದಲೆಳೆ ಬಿರುಕು ಬಾಯಿ ಬಿಡುತ್ತಿತ್ತು. ತಣ್ಣಗಾದರೆ ಮುಚ್ಚಿಕೊಳ್ಳುತ್ತಿತ್ತು.

ಈಗ ಎರಡು ದಾರಿ. ಒಂದು, ಆರ್ಗಾನ್ ವೆಲ್ಡಿಂಗ್ ಮಾಡಿ ತೂತು ಮುಚ್ಚುವುದು. ಇನ್ನೊಂದು, ಬೇರೆ ಹೆಡ್ ಹುಡುಕುವುದು. ವೆಲ್ಡಿಂಗ್ ಅಗ್ಗ. ಮಾಲೀಕರಿಗೂ ಅದೇ ಬೇಕಿತ್ತು. ನಾನು ಬೇಡ ಅಂದೆ. ಅಷ್ಟು ಒಳಗೆ ಟಾರ್ಚ್ ಸರಿಯಾಗಿ ಹೋಗಲ್ಲ. ಬಿಸಿಗೆ ಹೆಡ್ ಬಾಗಿದರೆ ಕ್ಯಾಮ್‌ಶಾಫ್ಟ್ ಕೂರುವ ಸಾಲು ಓರೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಒಂದು ಪೋರ್ಟಿನಲ್ಲಿ ಗೋಡೆ ಇಷ್ಟು ತೆಳ್ಳಗಿದ್ದರೆ ಉಳಿದ ಮೂರರಲ್ಲಿ ಎಷ್ಟಿದೆ ಎಂದು ಯಾರಿಗೂ ಗೊತ್ತಿಲ್ಲ. ಹೈದರಾಬಾದಿನ ಗುಜರಿಯಲ್ಲಿ ಮುಟ್ಟದ ಹೆಡ್ ಒಂದು ಸಿಕ್ಕಿತು. ಅದನ್ನೂ ಮೊದಲು ಹಂಡೆಯಲ್ಲಿ ಬೇಯಿಸಿಯೇ ಒಪ್ಪಿಕೊಂಡೆವು.

ಕೊಯ್ದ ಹೆಡ್

ಹಳೆಯ ಹೆಡ್ಡನ್ನು ತೂಕಕ್ಕೆ ಹಾಕುವ ಬದಲು ಕೊಯ್ದು ನೋಡೋಣ ಅಂದೆ. ಮೂರನೇ ಸಿಲಿಂಡರಿನ ಇನ್‌ಟೇಕ್ ಪೋರ್ಟಿನ ನಟ್ಟನಡುವೆ ಗೆರೆ ಎಳೆದು ಗರಗಸ ಹಾಕಿದೆವು. ಇಡೀ ಪ್ರಕರಣದಲ್ಲಿ ಅತ್ಯಂತ ಉಪಯೋಗವಾದ ಎರಡು ಗಂಟೆ ಅದೇ.

ಪೋರ್ಟ್ ಅಂದರೆ ಹೊರಗಿನಿಂದ ನೋಡಿದರೆ ಒಂದು ತೂತು, ಅಷ್ಟೇ. ಕೊಯ್ದರೆ ಗೊತ್ತಾಗುತ್ತದೆ ಅದು ತಿರುವು ಇರುವ ದಾರಿ ಅಂತ. ಗಾಳಿ ನೇರವಾಗಿ ಬಂದು, ವಾಲ್ವಿನ ಹತ್ತಿರ ಕೆಳಕ್ಕೆ ಹೊರಳಬೇಕು. ಆ ತಿರುವಿನ ಒಳಬದಿಗೆ ಶಾರ್ಟ್ ಸೈಡ್ ಅನ್ನುತ್ತಾರೆ. ಮುಟ್ಟದ ಹೆಡ್ಡಿನ ಅದೇ ಪೋರ್ಟಿಗೆ ಸಿಲಿಕೋನ್ ರಬ್ಬರ್ ಸುರಿದು ಅಚ್ಚು ತೆಗೆದೆವು. ಆ ಅಚ್ಚನ್ನು ಕೊಯ್ದ ಹೆಡ್ಡಿನ ಪೋರ್ಟಿನಲ್ಲಿ ಮಲಗಿಸಿದರೆ ಸುತ್ತ ಉಳಿದ ಸಂದೇ ಕೆತ್ತಿ ತೆಗೆದ ಲೋಹ.

ನೋಡಿದರೆ ಬೇಸರವಾಯಿತು. ಛಾವಣಿಯಲ್ಲಿ ಸುಮಾರು 4 ಮಿ.ಮೀ. ಇರಬೇಕಾದ ಗೋಡೆ ಒಂದು ಕಡೆ 1.2ಕ್ಕೆ ಇಳಿದಿತ್ತು. ಅಡಿಯಲ್ಲಿ ಶಾರ್ಟ್ ಸೈಡಿನ ಗುಂಡನೆಯ ತಿರುವನ್ನು ಕೆರೆದು ಚಪ್ಪಟೆ ಮಾಡಿ, ಕೊನೆಗೆ ಚೂಪಾದ ಅಂಚು ಬಿಟ್ಟಿದ್ದರು. ವೇಗದಲ್ಲಿ ಬರುವ ಗಾಳಿ ಚೂಪು ತಿರುವಿನಲ್ಲಿ ಗೋಡೆ ಹಿಡಿದು ಹೊರಳಲಾರದು. ಸೇಡಂ ರಸ್ತೆಯ ತಿರುವಿನಲ್ಲಿ ವೇಗವಾಗಿ ಬಂದ ಲಾರಿ ಹೇಗೆ ಆಚೆ ಬದಿಗೆ ಸರಿಯುತ್ತದೋ ಹಾಗೆ ಗಾಳಿಯೂ ಆಚೆ ಬದಿಗೆ ಸರಿದು, ವಾಲ್ವಿನ ಅರ್ಧ ಭಾಗದಿಂದಷ್ಟೇ ಒಳಗೆ ಹೋಗುತ್ತದೆ. ಇನ್ನರ್ಧ ವಾಲ್ವ್ ತೆರೆದೂ ಕೆಲಸಕ್ಕಿಲ್ಲ.

ವಾಲ್ವ್ ಮುಚ್ಚಿದಾಗ ಕೂರುವ ಉಂಗುರಕ್ಕೆ ಸೀಟು ಅನ್ನುತ್ತಾರೆ. ಅದರ ಕೆಳಗಿನ ಗಂಟಲನ್ನೂ ಅಳೆದೆವು. ಇನ್‌ಟೇಕ್ ವಾಲ್ವ್ ಸುಮಾರು 30 ಮಿ.ಮೀ. ಗಂಟಲು 28. ಅಂದರೆ ವಾಲ್ವಿನ 93 ಶೇಕಡ. ಸಾಮಾನ್ಯವಾಗಿ 85ರಿಂದ 90ರ ಒಳಗೆ ಇಡುತ್ತಾರೆ. ಅದಕ್ಕಿಂತ ಹಿಗ್ಗಿಸಿದರೆ ಸೀಟಿನ ಕೋನಗಳಿಗೆ ಜಾಗವೇ ಉಳಿಯಲ್ಲ. ಎಕ್ಸಾಸ್ಟ್ (ಹೊಗೆ ಹೊರಹೋಗುವ ಕಡೆಯ) ಸೀಟು 0.8 ಮಿ.ಮೀ. ಅಗಲ, ಬ್ಲೇಡಿನ ಹಾಗೆ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯ ದೊಡ್ಡ ಪಾಲನ್ನು ಇಳಿಸುವುದು ಸೀಟಿನ ಮೂಲಕ. ಟರ್ಬೊ ಎಂಜಿನಿನಲ್ಲಿ ಆ ಬಿಸಿ ಬಹಳ ಜಾಸ್ತಿ. ಎರಡು ವಾಲ್ವಿನ ಅಂಚು ಆಗಲೇ ಕಪ್ಪಾಗಿ ತಿನ್ನಿಸಿಕೊಂಡಿತ್ತು. ಎಕ್ಸಾಸ್ಟ್ ಪೋರ್ಟಿನ ಬಾಯನ್ನು ಗ್ಯಾಸ್ಕೆಟ್ಟಿನ ತೂತಿಗೆ ಸರಿಯಾಗಿ ಹಿಗ್ಗಿಸಿ ಆಲಿಕೆ ಮಾಡಿಟ್ಟಿದ್ದರು. ಆಲಿಕೆಯಲ್ಲಿ ಹೊಗೆಯ ವೇಗ ಸತ್ತುಹೋಗುತ್ತದೆ. ಟರ್ಬೈನ್, ಅಂದರೆ ಹೊಗೆಯಿಂದ ತಿರುಗುವ ಟರ್ಬೊದ ಚಕ್ರ, ತಿರುಗಿಸಬೇಕಾದದ್ದು ಅದೇ ವೇಗ.

ಬ್ಯುರೆಟ್ಟಿನಲ್ಲಿ ಸೀಮೆಎಣ್ಣೆ ತುಂಬಿ ಕೊಯ್ಯದ ಪೋರ್ಟೊಂದರ ಅಳತೆ ನೋಡಿದೆವು. ಮೂಲಕ್ಕಿಂತ 22 ಶೇಕಡ ದೊಡ್ಡದು. ಆದರೆ ಗಾಳಿ ಎಷ್ಟು ಜಾಸ್ತಿ ಹೋಗುತ್ತಿತ್ತು? ಅದನ್ನು ತಿಳಿಯಲು ಫ್ಲೋ ಬೆಂಚ್ ಬೇಕು. ನಮ್ಮಲ್ಲಿ ಇರಲಿಲ್ಲ. ಹಳೆಯ ವ್ಯಾಕ್ಯೂಮ್ ಕ್ಲೀನರಿನ ಮೂರು ಮೋಟರು, ಪ್ಲೈವುಡ್ ಪೆಟ್ಟಿಗೆ, ಅಳತೆ ತೂತಿನ ಒಂದು ತಗಡು, ನೀಲಿ ಶಾಯಿ ಬೆರೆಸಿದ ನೀರಿನ ಎರಡು ಪಾರದರ್ಶಕ ಪೈಪು, ಇಷ್ಟರಲ್ಲಿ ಒಂದನ್ನು ಕಟ್ಟಿದೆವು. ದೊಡ್ಡ ಬೆಂಚುಗಳಲ್ಲಿ 28 ಇಂಚು ನೀರಿನ ಒತ್ತಡದಲ್ಲಿ ಅಳೆಯುತ್ತಾರೆ. ನಮ್ಮ ಮೋಟರಿಗೆ 10 ಇಂಚೇ ಸಾಕಾಯಿತು. 10ರಲ್ಲಿ ಬಂದದ್ದನ್ನು 1.67ರಿಂದ ಗುಣಿಸಿದರೆ 28ರ ಲೆಕ್ಕ ಸಿಗುತ್ತದೆ. ಹಗಲು ವೋಲ್ಟೇಜ್ ಏರಿಳಿಯುತ್ತಿತ್ತು, ನೀರಿನ ಮಟ್ಟ ನಿಲ್ಲುತ್ತಿರಲಿಲ್ಲ. ಅದಕ್ಕೆ ರಾತ್ರಿ ಹತ್ತರ ಮೇಲೆ ಅಳೆದೆವು. ನಮ್ಮ ಅಂಕಿಗಳನ್ನು ಬೇರೆಯವರ ಬೆಂಚಿನ ಅಂಕಿಗೆ ಹೋಲಿಸಬಾರದು. ಒಂದೇ ಬೆಂಚಿನಲ್ಲಿ ಇದಕ್ಕೂ ಅದಕ್ಕೂ ಎಷ್ಟು ವ್ಯತ್ಯಾಸ ಅನ್ನುವುದಕ್ಕೆ ಮಾತ್ರ ಅವು ಸರಿ.

ಮುಟ್ಟದ ಹೆಡ್ಡಿಗಿಂತ ಕೆತ್ತಿದ ಹೆಡ್ಡಿನಲ್ಲಿ ವಾಲ್ವ್ 8 ಮಿ.ಮೀ. ತೆರೆದಾಗ ಗಾಳಿ 6 ಶೇಕಡ ಜಾಸ್ತಿ. 3 ಮಿ.ಮೀ. ತೆರೆದಾಗ 4 ಶೇಕಡ ಕಡಿಮೆ. ದಾರಿ 22 ಶೇಕಡ ಅಗಲವಾಗಿದೆ, ಗಾಳಿ 6 ಶೇಕಡ ಹೆಚ್ಚಿದೆ. ಉಳಿದದ್ದೆಲ್ಲ ವೇಗದ ನಷ್ಟ. 3900ರವರೆಗೆ ಬೂಸ್ಟ್ ಯಾಕೆ ಬರಲ್ಲ ಅನ್ನುವುದಕ್ಕೆ ಉತ್ತರ ಅಲ್ಲೇ ಇತ್ತು.

ಎರಡನೇ ಹೆಡ್

ಕೆಲಸವನ್ನು ಎಕ್ಸಾಸ್ಟ್ ಕಡೆಯಿಂದ ಶುರು ಮಾಡಿದೆವು. ಇದು ನಾನು ಬೇಕೆಂದೇ ತೆಗೆದುಕೊಂಡ ತೀರ್ಮಾನ. ಇನ್‌ಟೇಕಿಗೆ ಟರ್ಬೊದ ಸಹಾಯ ಇದೆ. ಎಕ್ಸಾಸ್ಟಿಗೆ ಎದುರಿಗೆ ಟರ್ಬೈನ್ ಅಡ್ಡ ನಿಂತಿದೆ. ಅಲ್ಲಿ ಸಲೀಸು ಮಾಡಿದರೆ ಬೂಸ್ಟ್ ಬೇಗ ಬರುತ್ತದೆ.

ಅಲ್ಯೂಮಿನಿಯಂ ಕೆತ್ತುವಾಗ ಕಾರ್ಬೈಡ್ ಬರ್‌ನ ಹಲ್ಲಿಗೆ ಲೋಹ ಮೆತ್ತಿಕೊಳ್ಳುತ್ತದೆ. ಒಂದು ಮೇಣದ ತುಂಡಿಗೆ ಆಗಾಗ ಮುಟ್ಟಿಸುತ್ತಿದ್ದರೆ ಮೆತ್ತಲ್ಲ. ಸರಿಯಾಗಿ ಕೆತ್ತುತ್ತಿದ್ದರೆ ಬರ್ ಒಂದೇ ಸ್ವರದಲ್ಲಿ ಹಾಡುತ್ತದೆ, ಪುಡಿ ರವೆಯ ಹಾಗೆ ಬೀಳುತ್ತದೆ. ಸ್ವರ ಏರಿ ಕೀರಲಾದರೆ ಒತ್ತಡ ಜಾಸ್ತಿಯಾಗಿದೆ, ಕೈ ತೆಗೆಯಬೇಕು. ಎಕ್ಸಾಸ್ಟಿನಲ್ಲಿ ಗೈಡಿನ ಸುತ್ತ ಉಬ್ಬಿದ್ದ ಲೋಹವನ್ನು ಮೀನಿನ ಬೆನ್ನಿನ ಹಾಗೆ ಇಳಿಜಾರು ಮಾಡಿದೆವು. ತೆಗೆದು ಹಾಕಲಿಲ್ಲ, ಗೈಡಿನ ಬಿಸಿ ಇಳಿಯಲು ಅದು ಬೇಕು. ಪೋರ್ಟಿನ ಬಾಯಿಯನ್ನು ಮುಟ್ಟಲೇ ಇಲ್ಲ. ಹೊಗೆಯನ್ನು ಟರ್ಬೊಗೆ ಒಯ್ಯುವ ಮ್ಯಾನಿಫೋಲ್ಡಿನ ಬಾಯಿ ಸುತ್ತ ಒಂದೂವರೆ ಮಿ.ಮೀ. ದೊಡ್ಡದಿತ್ತು. ಆ ಮೆಟ್ಟಿಲನ್ನು ಹಾಗೇ ಬಿಟ್ಟೆವು. ಹೊರಗೆ ಹೋಗುವ ಹೊಗೆಗೆ ಅದು ಅಡ್ಡಿಯಲ್ಲ, ವಾಪಸ್ ನುಗ್ಗುವ ಹೊಗೆಗೆ ಅಡ್ಡಿ.

ಸೀಟ್ ಕಟಿಂಗಿಗೆ ಹೆಡ್ಡನ್ನು ಗೋಣಿಯಲ್ಲಿ ಸುತ್ತಿ ಸೊಲ್ಲಾಪುರಕ್ಕೆ ಒಯ್ದೆವು. 30, 45, 60 ಡಿಗ್ರಿ, ಮೂರು ಕೋನ. ಇನ್‌ಟೇಕ್ ಸೀಟು 1.2 ಮಿ.ಮೀ., ಎಕ್ಸಾಸ್ಟ್ 1.8. ಗಂಟಲು 26, ಅಂದರೆ 87 ಶೇಕಡದ ಆಸುಪಾಸು. ನೀಲಿ ಬಳಿದು ವಾಲ್ವ್ ಒತ್ತಿ ಗುರುತು ಸುತ್ತಲೂ ಒಂದೇ ಸಮ ಬರುವವರೆಗೆ ಬಿಡಲಿಲ್ಲ. ವಾಪಸ್ ತಂದು ಬೆಂಚಿನ ಮೇಲಿಟ್ಟರೆ, ಇನ್‌ಟೇಕ್ ಪೋರ್ಟಿಗೆ ಇನ್ನೂ ಬರ್ ತಾಗಿಸದೆಯೇ 3 ಮಿ.ಮೀ. ತೆರೆದಾಗಿನ ಗಾಳಿ 6 ಶೇಕಡ ಏರಿತ್ತು. ಪೋರ್ಟಿಂಗ್ ಅಂತ ನಾವು ಹಣ ಕೊಡುವುದರಲ್ಲಿ ದೊಡ್ಡ ಪಾಲು ನಿಜವಾಗಿ ಸೀಟಿನ ಕೆಲಸ ಅನ್ನುವುದು ಆ ರಾತ್ರಿ ನನಗೆ ಖಾತ್ರಿಯಾಯಿತು.

ಇನ್‌ಟೇಕಿನಲ್ಲಿ ಮಾಡಿದ್ದು ಸ್ವಲ್ಪವೇ. ಸೀಟಿನ ಕೆಳಗೆ ಎರಕದಲ್ಲಿ ಉಳಿದಿದ್ದ ಮೆಟ್ಟಿಲು ಸವರಿದೆವು. ಶಾರ್ಟ್ ಸೈಡನ್ನು ಅರ್ಧ ಮಿ.ಮೀ. ಮಾತ್ರ, ಇನ್ನಷ್ಟು ಗುಂಡಗೆ ಮಾಡಿದೆವು. ಕೊಯ್ದ ತುಂಡು ಪಕ್ಕದಲ್ಲೇ ಇತ್ತು. ಎಲ್ಲಿ ಲೋಹ ಇದೆ, ಎಲ್ಲಿ ಹಿಂದೆ ನೀರಿದೆ ಅಂತ ಪ್ರತಿ ಸಲ ಅದನ್ನು ನೋಡಿಯೇ ಕೈ ಹಾಕಿದೆವು. ಕೊನೆಗೆ 60 ಗ್ರಿಟ್ ಉಜ್ಜಿ ನಿಲ್ಲಿಸಿದೆವು. ಕನ್ನಡಿ ಹೊಳಪು ಕೊಡಲಿಲ್ಲ. ಇನ್‌ಟೇಕ್ ಗೋಡೆ ಸ್ವಲ್ಪ ಒರಟಾಗಿದ್ದರೆ ಪೆಟ್ರೋಲ್ ಹನಿ ಅಂಟಿ ಹರಿಯುವುದು ಕಡಿಮೆ. ಹೊಳಪು ಕಣ್ಣಿಗೆ ಚೆನ್ನ, ಅಷ್ಟೇ. ಎಕ್ಸಾಸ್ಟನ್ನು ಮಾತ್ರ ನುಣುಪು ಮಾಡಿದೆವು, ಮಸಿ ಕೂರದಿರಲಿ ಅಂತ.

ಕಂಬಷನ್ ಚೇಂಬರಿನಲ್ಲಿ ಚೂಪು ಅಂಚುಗಳನ್ನು ಉಜ್ಜಿದೆವು. ಚೂಪು ಅಂಚು ಕೆಂಪಗೆ ಕಾದು ನಾಕ್ ತರುತ್ತದೆ, ಅಂದರೆ ಪೆಟ್ರೋಲ್ ತಾನಾಗಿಯೇ ಹೊತ್ತಿಕೊಂಡು ಎಂಜಿನ್ ಬಡಿಯುತ್ತದೆ. ನಾಲ್ಕೂ ಚೇಂಬರು 0.3 ಸಿ.ಸಿ. ಒಳಗೆ ಸಮ ಬಂದವು. ಮುಖ ಸಮ ಮಾಡಲು ಮಷಿನ್‌ಗೇ ಕೊಟ್ಟೆವು. ನಮ್ಮ ಕಡೆ ಪಾಲಿಷ್ ಮಾಡಿದ ಶಹಾಬಾದ್ ಕಲ್ಲಿನ ಮೇಲೆ ಎಮರಿ ಕಾಗದ ಹಾಸಿ ಹೆಡ್ ಉಜ್ಜುವ ರೂಢಿ ಇದೆ. ನಮ್ಮ ಅಂಗಡಿಯ ಕಲ್ಲಿನ ಮೇಲೆ ಸ್ಟ್ರೈಟ್ ಎಡ್ಜ್ ಇಟ್ಟು ನೋಡಿದೆ. ಒಂದೂವರೆ ಅಡಿಯಲ್ಲಿ 0.15ರ ಫೀಲರ್ ಆರಾಮಾಗಿ ತೂರಿತು. ಆ ಕಲ್ಲು ಮನೆಯ ನೆಲಕ್ಕೆ ಬಹಳ ಚೆನ್ನ. ಹೆಡ್ಡಿಗೆ ಬೇಡ.

ಬೆಂಚಿನ ಕೊನೆಯ ಲೆಕ್ಕ: ಇನ್‌ಟೇಕ್ 8 ಮಿ.ಮೀ.ಯಲ್ಲಿ 9 ಶೇಕಡ ಜಾಸ್ತಿ, 3 ಮಿ.ಮೀ.ಯಲ್ಲಿ 7. ಎಕ್ಸಾಸ್ಟ್ 14 ಜಾಸ್ತಿ. ಇನ್‌ಟೇಕ್ ಪೋರ್ಟ್ ದೊಡ್ಡದಾದದ್ದು 5 ಶೇಕಡ ಮಾತ್ರ.

6200ರಲ್ಲಿ ತಡವರಿಕೆ

ಜುಲೈ ಮೊದಲ ವಾರ ಎಂಜಿನ್ ಸ್ಟಾರ್ಟ್ ಆಯಿತು. 0.5 ಬಾರ್ ಈಗ 3250ಕ್ಕೇ ಬಂತು. ಮೂಲ ಹೆಡ್ಡಿಗಿಂತಲೂ ಮೊದಲು. ಮಾಲೀಕರ ಮುಖ ಅರಳಿತು. ಆದರೆ 6200ಕ್ಕೆ ಹೋದ ಕೂಡಲೇ ಎಂಜಿನ್ ತಡವರಿಸತೊಡಗಿತು. ಪಟಪಟ ಅಂತ ಶಬ್ದ, ಮುಂದಕ್ಕೆ ಹೋಗಲೊಲ್ಲದು.

ನಾನು ಇಗ್ನಿಷನ್ ಅಂದುಕೊಂಡೆ. ಬೂಸ್ಟಿನಲ್ಲಿ ಕಿಡಿ ಆರುವುದು ಸಾಮಾನ್ಯ. ಪ್ಲಗ್ ಗ್ಯಾಪ್ 0.8ರಿಂದ 0.6ಕ್ಕೆ ಇಳಿಸಿದೆ. ಕಾಯಿಲ್ ಬದಲಿಸಿದೆ. ಮೂರು ದಿನ ಹೋಯಿತು. ಏನೂ ಬದಲಾಗಲಿಲ್ಲ. ಬೂಸ್ಟ್ 0.4ಕ್ಕೆ ಇಳಿಸಿದರೆ 6600ರವರೆಗೆ ಸಲೀಸು. 0.8ಕ್ಕೆ ಏರಿಸಿದರೆ 6200ಕ್ಕೇ ತಡವರಿಕೆ.

ತಪ್ಪು ನನ್ನದೇ ಇತ್ತು. ಸೀಟ್ ಕಟ್ ಮಾಡಿದಾಗ ವಾಲ್ವ್ ಹೆಡ್ಡಿನೊಳಗೆ ಸ್ವಲ್ಪ ಆಳಕ್ಕೆ ಕೂರುತ್ತದೆ. ಆಗ ಅದರ ಕಡ್ಡಿ ಮೇಲ್ಗಡೆ ಅಷ್ಟೇ ಎದ್ದು ನಿಲ್ಲುತ್ತದೆ. ಸ್ಪ್ರಿಂಗ್ ಕೂರುವ ಎತ್ತರ ಜಾಸ್ತಿಯಾಗಿ ಸ್ಪ್ರಿಂಗ್ ಸಡಿಲವಾಗುತ್ತದೆ. ಇದು ನನಗೆ ಗೊತ್ತಿರದ ವಿಷಯವಲ್ಲ. ಪೋರ್ಟಿನ ಮೇಲೇ ಗಮನ ಇಟ್ಟು ಈ ಅಳತೆ ತೆಗೆದುಕೊಳ್ಳುವುದನ್ನೇ ಬಿಟ್ಟಿದ್ದೆ. ಬಿಚ್ಚಿ ನೋಡಿದರೆ 0.7 ಮಿ.ಮೀ. ವ್ಯತ್ಯಾಸ. ಡ್ರಿಲ್ ಪ್ರೆಸ್ಸಿನ ಕೆಳಗೆ ಕಿರಾಣಿ ಅಂಗಡಿಯ ತೂಕದ ಯಂತ್ರ ಇಟ್ಟು, ಸ್ಪ್ರಿಂಗನ್ನು ಅದೇ ಎತ್ತರಕ್ಕೆ ಒತ್ತಿ ತೂಗಿದೆವು. 16.5 ಕೆಜಿ ಇರಬೇಕಾದದ್ದು 14.5.

ಎರಡು ಕೆಜಿಗೆ ಇಷ್ಟೊಂದಾ ಅಂತ ಅನಿಸಬಹುದು. ಬೂಸ್ಟನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. 30 ಮಿ.ಮೀ. ವಾಲ್ವಿನ ಬೆನ್ನು ಸುಮಾರು 7 ಚದರ ಸೆಂ.ಮೀ. 0.8 ಬಾರ್ ಅಂದರೆ ಪ್ರತಿ ಚದರ ಸೆಂ.ಮೀ.ಗೆ 0.8 ಕೆಜಿಗಿಂತ ಸ್ವಲ್ಪ ಜಾಸ್ತಿ. ಅಂದರೆ ಮುಚ್ಚಿದ ಇನ್‌ಟೇಕ್ ವಾಲ್ವನ್ನು ಬೂಸ್ಟ್ ಹಿಂದಿನಿಂದ ಐದೂವರೆ ಕೆಜಿಗೂ ಜಾಸ್ತಿ ಬಲದಿಂದ ತೆರೆಯಲು ನೋಡುತ್ತದೆ. 14.5ರಲ್ಲಿ ಅದನ್ನು ಕಳೆದರೆ ಉಳಿಯುವುದು 9 ಕೆಜಿಗಿಂತ ಕಡಿಮೆ. ವಾಲ್ವ್ ಸೀಟಿನ ಮೇಲೆ ಕೂರದೆ ಕುಣಿಯುತ್ತಿತ್ತು. ಬೂಸ್ಟ್ ಇಳಿಸಿದಾಗ ಸರಿಯಾಗುತ್ತಿದ್ದದ್ದು ಇದೇ ಕಾರಣಕ್ಕೆ.

ಹಳೆಯ ಸ್ಪ್ರಿಂಗಿಗೆ ಶಿಮ್ (ತೆಳು ವಾಷರ್) ಹಾಕಿ ಒತ್ತಡ ಸರಿ ಮಾಡಬಹುದಿತ್ತು. ಆದರೆ ಸ್ಪ್ರಿಂಗೇ ಸುಸ್ತಾಗಿತ್ತು. 25 ಕೆಜಿ ಕೊಡುವ ಹೊಸ ಸೆಟ್ ತರಿಸಿ, ಎತ್ತರ ಸರಿದೂಗುವ ಶಿಮ್ ಹಾಕಿ, ವಾಲ್ವ್ ಪೂರ್ತಿ ತೆರೆದಾಗ ಸುರುಳಿಗೆ ಸುರುಳಿ ತಾಗಲ್ಲ ಎಂದು ನೋಡಿಕೊಂಡು ಕಟ್ಟಿದೆವು. ತಡವರಿಕೆ ಹೋಯಿತು.

ಬೂಸ್ಟ್ ಎಷ್ಟು ಇಡಬೇಕು?

ನಮ್ಮಲ್ಲಿ ಎಂಜಿನ್ ಶಕ್ತಿ ಅಳೆಯುವ ಡೈನೊ ಇಲ್ಲ. ಗಾಳಿ ಜಾಸ್ತಿಯಾಗಿದೆಯಾ ಅನ್ನುವುದನ್ನು ಲ್ಯಾಪ್‌ಟಾಪಿನ ಲಾಗ್ ಹೇಳಿತು. ಗಾಳಿ, ಪೆಟ್ರೋಲಿನ ಮಿಶ್ರಣ ಮೊದಲಿನಷ್ಟೇ ಇಟ್ಟು, 0.8 ಬಾರಿನಲ್ಲಿ, 6500 ಆರ್‌ಪಿಎಂಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರುತ್ತದೆ ನೋಡಿದೆವು. ಮೂಲ ಹೆಡ್ಡಿನ ಕಾಲದ ಲಾಗಿನಲ್ಲಿ 15.1 ಮಿಲಿಸೆಕೆಂಡ್. ಈಗ 16.8. ಇಂಜೆಕ್ಟರ್ ಬಾಯಿ ತೆರೆಯಲು ಬೇಕಾದ ಸುಮಾರು 1 ಮಿಲಿಸೆಕೆಂಡ್ ಕಳೆದರೆ ಪೆಟ್ರೋಲ್ 12 ಶೇಕಡ ಜಾಸ್ತಿ ಹೋಗುತ್ತಿದೆ. ಅಂದರೆ ಗಾಳಿಯೂ ಅಷ್ಟೇ ಜಾಸ್ತಿ. ಅದೇ ಬೂಸ್ಟು, ಅದೇ ಟರ್ಬೊ.

ಇನ್ನೊಂದು ವಿಷಯವೂ ಲಾಗಿನಲ್ಲಿತ್ತು. 6500ರಲ್ಲಿ ಎಂಜಿನಿನ ಒಂದು ಪೂರ್ತಿ ಆವರ್ತಕ್ಕೆ, ಅಂದರೆ ಕ್ರ್ಯಾಂಕಿನ ಎರಡು ಸುತ್ತಿಗೆ, 18.5 ಮಿಲಿಸೆಕೆಂಡ್. ಅದರಲ್ಲಿ 16.8 ಇಂಜೆಕ್ಟರ್ ತೆರೆದೇ ಇದೆ. 91 ಶೇಕಡ. ಇನ್ನು ಮುಂದೆ ಜಾಗ ಇಲ್ಲ. ಮಾಲೀಕರು ಆಗಲೇ ಕೇಳುತ್ತಿದ್ದರು, "1 ಬಾರ್ ಇಡ್ರಲ್ಲ, ಇಷ್ಟ್ ಚಲೋ ಹೊಂಟದ." ಇಟ್ಟಿದ್ದರೆ ಇಂಜೆಕ್ಟರ್ ಸಾಲದೆ ಮಿಶ್ರಣ ತೆಳ್ಳಗಾಗಿ ಪಿಸ್ಟನ್ ಹೋಗುತ್ತಿತ್ತು.

ನಾನು ಉಲ್ಟಾ ಹೇಳಿದೆ. ದಿನದ ಓಡಾಟಕ್ಕೆ ಬೂಸ್ಟ್ ಏರಿಸುವುದಲ್ಲ, 0.65ಕ್ಕೆ ಇಳಿಸೋಣ. ಅವರಿಗೆ ಒಪ್ಪಿಗೆಯಾಗಲಿಲ್ಲ. ಹಣ ಕೊಟ್ಟು ಹೆಡ್ ಮಾಡಿಸಿ ಬೂಸ್ಟ್ ಕಡಿಮೆ ಮಾಡಿಕೊಳ್ಳುವುದಾ? ಕಾಗದದ ಮೇಲೆ ಬರೆದು ತೋರಿಸಿದೆ. 42 ಡಿಗ್ರಿ ಬಿಸಿಲಲ್ಲಿ 0.8 ಬಾರಿಗೆ ಒತ್ತಿದ ಗಾಳಿ ನಮ್ಮ ಅಂಥ ಟರ್ಬೊದಿಂದ ಹೊರಬರುವಾಗ, ಇಂಟರ್‌ಕೂಲರಿಗೆ ಮೊದಲು, 130 ಡಿಗ್ರಿ ದಾಟಿರುತ್ತದೆ. 0.65ಕ್ಕೆ ಇಳಿಸಿದರೆ ಸುಮಾರು 15 ಡಿಗ್ರಿ ಕಡಿಮೆ. ಕಲಬುರಗಿಯ ಬೇಸಿಗೆಯಲ್ಲಿ, ಬಂಕಿನ ಸಾಮಾನ್ಯ ಪೆಟ್ರೋಲಿನಲ್ಲಿ, ಆ 15 ಡಿಗ್ರಿ ನಾಕ್ ಆಗುವುದಕ್ಕೂ ಆಗದಿರುವುದಕ್ಕೂ ಇರುವ ಅಂತರ. ಹೊಸ ಹೆಡ್ಡಿನಲ್ಲಿ 0.65ಕ್ಕೆ ಹೋಗುವ ಗಾಳಿ ಹಳೆಯ ಹೆಡ್ಡಿನ 0.8ಕ್ಕೆ ಸಮ, ಕೂದಲೆಳೆ ಜಾಸ್ತಿಯೇ. ಒಂದು ವಾರ ಓಡಿಸಿ ನೋಡಿ, ಬೇಡವಾದರೆ ಏರಿಸುತ್ತೇನೆ ಅಂದೆ. ಅವರು ವಾಪಸ್ ಬರಲಿಲ್ಲ. ಟ್ರ್ಯಾಕಿಗೆ ಹೋಗುವಾಗ ಮಾತ್ರ ಕಂಟ್ರೋಲರಿನಲ್ಲಿ 0.8 ಮಾಡಿಕೊಳ್ಳುತ್ತಾರೆ, ಅದೂ ಹೆಚ್ಚು ಆಕ್ಟೇನಿನ ಪೆಟ್ರೋಲ್ ಹಾಕಿಕೊಂಡು.

ಡಿಸೆಂಬರಿನಲ್ಲಿ ಅದೇ ಟ್ರ್ಯಾಕಿನಲ್ಲಿ 14.6 ಸೆಕೆಂಡ್. ಮೂಲ ಹೆಡ್ಡಿನಲ್ಲಿ ಕೊನೆಯ ವೇಗ ಗಂಟೆಗೆ 146 ಕಿ.ಮೀ. ಇತ್ತು, ಈಗ 151. ವೇಗದ ಈ ಏರಿಕೆಯೂ ಲಾಗ್ ತೋರಿಸಿದ 12 ಶೇಕಡಕ್ಕೆ ಹತ್ತಿರ ಹೊಂದುತ್ತದೆ. ರಸ್ತೆಯಲ್ಲಿ ಮೈಲೇಜ್ ಕೂಡ ಲೀಟರಿಗೆ ಒಂದು ಕಿ.ಮೀ. ಸುಧಾರಿಸಿದೆ ಎಂದು ಮಾಲೀಕರ ಲೆಕ್ಕ.

ಇಂಥ ಕೆಲಸ ಮಾಡಿಸುವವರಿಗೆ ನಾನು ಮೊದಲೇ ಎರಡು ಮಾತು ಹೇಳುತ್ತೇನೆ, ಇವರಿಗೂ ಹೇಳಿದ್ದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯ ವಿವರ ಕಂಪನಿ ಹೇಳಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. ಟರ್ಬೊ ಕೂರಿಸುವವರು ಅದನ್ನು ತಿಳಿದುಕೊಂಡೇ ಮುಂದೆ ಹೋಗಬೇಕು. ಇನ್ನೊಂದು, ರಾತ್ರಿ ರಿಂಗ್ ರೋಡಿನಲ್ಲಿ ರೇಸ್ ಹಾಕುವವರ ಎಂಜಿನ್ ನಾನು ಮುಟ್ಟುವುದಿಲ್ಲ. ಆ ರಸ್ತೆಯಲ್ಲಿ ನಮ್ಮ ಮಕ್ಕಳೂ ಓಡಾಡುತ್ತಾರೆ.

ಈ ಕೆಲಸದ ನಂತರ ನಮ್ಮ ಅಂಗಡಿಯಲ್ಲಿ ಕೆಲವು ರೂಢಿ ಬದಲಾಗಿವೆ. ಯಾವ ಹೆಡ್ ಬಂದರೂ, ಟ್ರ್ಯಾಕ್ಟರಿನದಾದರೂ ಸರಿ, ಬಿಸಿನೀರಿನಲ್ಲೇ ಪರೀಕ್ಷೆ. ಹಂಡೆ ಈಗ ಬಾಡಿಗೆಯದಲ್ಲ, ಕೊಂಡುಬಿಟ್ಟೆವು. ಸೀಟ್ ಕಟಿಂಗಿಗೆ ಕಳಿಸುವ ಮೊದಲು ಎಂಟೋ ಹದಿನಾರೋ, ಪ್ರತಿ ವಾಲ್ವಿನ ಕಡ್ಡಿಯ ಎತ್ತರ ಬರೆದುಕೊಳ್ಳುತ್ತೇವೆ. ಬಂದ ಮೇಲೆ ಮತ್ತೆ ಅಳೆಯುತ್ತೇವೆ. ಪೋರ್ಟಿಂಗ್ ಕೇಳಿಕೊಂಡು ಬಂದ ಹುಡುಗರಿಗೆ ಮೊದಲು ಕೊಯ್ದ ತುಂಡು ಕೈಗೆ ಕೊಡುತ್ತೇನೆ. ಛಾವಣಿಯ ಆ 1.2 ಮಿ.ಮೀ. ಜಾಗವನ್ನು ಹೆಬ್ಬೆರಳಿನಲ್ಲಿ ಸವರಿ ನೋಡಿದ ಮೇಲೆ ಅರ್ಧ ಜನ ಸೀಟ್ ಕೆಲಸ ಮಾತ್ರ ಮಾಡಿಸಿಕೊಂಡು ಹೋಗಿದ್ದಾರೆ.

ಒಂದು ಕೊರತೆ ಉಳಿದಿದೆ. ನಾಲ್ಕನೇ ಸಿಲಿಂಡರಿನ ಇನ್‌ಟೇಕ್ ಉಳಿದ ಮೂರಕ್ಕಿಂತ 2 ಶೇಕಡ ಕಡಿಮೆ ಗಾಳಿ ಬಿಡುತ್ತದೆ. ಎರಕದಲ್ಲೇ ಅದರ ಅಡಿ ಸ್ವಲ್ಪ ಎತ್ತರ. ಕೆತ್ತಿದರೆ ಸಮ ಮಾಡಬಹುದು. ಆದರೆ ಅಲ್ಲಿ ಹಿಂದೆ ಎಷ್ಟು ಲೋಹವಿದೆ ಅಂತ ನಾವು ಕೊಯ್ದು ನೋಡಿಲ್ಲ. ಹಾಗಾಗಿ ಬಿಟ್ಟಿದ್ದೇನೆ.

ಮೊನ್ನೆ 11,000 ಕಿ.ಮೀ. ಆದಮೇಲೆ ಗಾಡಿ ವಾಲ್ವ್ ಕ್ಲಿಯರೆನ್ಸ್ ನೋಡಿಸಲು ಬಂದಿತ್ತು. ಎಕ್ಸಾಸ್ಟಿನಲ್ಲಿ ಎರಡು ವಾಲ್ವು 0.02 ಮಿ.ಮೀ. ಬಿಗಿಯಾಗಿದ್ದವು, ಸರಿ ಮಾಡಿದೆವು. ಬಾನೆಟ್ ಮುಚ್ಚುವ ಮೊದಲು ಮಾಲೀಕರು ಕೂಲೆಂಟ್ ಬಾಟಲಿ ತೋರಿಸಿದರು. ಜುಲೈಯಲ್ಲಿ ಅವರೇ ಕಪ್ಪು ಮಾರ್ಕರಿನಲ್ಲಿ ಒಂದು ಗೆರೆ ಎಳೆದಿದ್ದರು. ನೀರು ಗೆರೆಯ ಮೇಲೇ ನಿಂತಿತ್ತು.